ಸಹಿ ಹಾಕಿದವನ ಮಾತು

ವಾರ್ಷಿಕ ಸಂಚಿಕೆಗೆ ನಿಮ್ಮ ತಾಳವಾಡಿ ಕಡೆಯ ಕನ್ನಡ ಶಾಲೆಗಳ ವಿಷಯ ಬರೆದುಕೊಡಿ ಎಂದು ಕಾಸರಗೋಡಿನ ಸ್ನೇಹಿತರೊಬ್ಬರು ಕೇಳಿ ಎರಡು ತಿಂಗಳಾಯಿತು. ಶಾಲೆಗಳ ಸ್ಥಿತಿಗತಿ ಎಂದರೆ ಮನವಿ ಪತ್ರ, ಠರಾವು, ಖಾಲಿ ಹುದ್ದೆಗಳ ಪಟ್ಟಿ. ಅವು ನಿಮ್ಮಲ್ಲಿಯೂ ಬೇಕಾದಷ್ಟು ಇವೆ. ಅದರ ಬದಲು ಒಬ್ಬ ಹುಡುಗನ ಎಡ ಮಂಡಿಯ ವಿಚಾರ ಬರೆಯುತ್ತೇನೆ. ಅದರಲ್ಲಿ ನನ್ನದೂ ಒಂದು ಸಹಿ ಇದೆ.

ನಮ್ಮ ಪಣಕಹಳ್ಳಿ ಇರುವುದು ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ. ರಾಜ್‌ಕುಮಾರ್ ಅವರ ಗಾಜನೂರಿನ ಕಡೆ ಎಂದರೆ ಹೊರಗಿನವರಿಗೆ ಬೇಗ ತಿಳಿಯುತ್ತದೆ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಸತ್ಯಮಂಗಲ ದಾಟಬೇಕು. ಚಾಮರಾಜನಗರ ಮಾತ್ರ ಇಲ್ಲೇ ಪಕ್ಕದಲ್ಲಿ. ಮನೆಮಾತು ಕನ್ನಡ, ಸಂತೆಯ ಮಾತು ಕನ್ನಡ, ಅರ್ಜಿಯ ಮಾತು ತಮಿಳು.

ಫುಟ್‌ಬಾಲ್ ನಮ್ಮ ಕಡೆಯ ಆಟವಲ್ಲ. ಕಬಡ್ಡಿ ಉಂಟು, ಈಗೀಗ ಕ್ರಿಕೆಟ್. ನಾನು ಪಾಠ ಹೇಳುತ್ತಿದ್ದ ಶಾಲೆಗೆ ಒಂದು ವರ್ಷ ಬಂದ ಕ್ರೀಡಾ ಸಾಮಗ್ರಿಯಲ್ಲಿ ಎರಡು ಫುಟ್‌ಬಾಲ್ ಇದ್ದವು, ಅಷ್ಟೆ. ರಾಗಿ ಕೊಯ್ದ ಹೊಲದಲ್ಲಿ, ಕೂಳೆ ಚುಚ್ಚುವ ನೆಲದಲ್ಲಿ ಹುಡುಗರು ಬರಿಗಾಲಲ್ಲಿ ಆಡಿದರು. ಅವರಲ್ಲಿ ಒಬ್ಬನ ಕಾಲಿಗೆ ಚೆಂಡು ಅಂಟಿಕೊಂಡಂತೆ ಇರುತ್ತಿತ್ತು. ಹೆಸರು ಬೇಡ. ಊರಲ್ಲೇ ಇದ್ದಾನೆ, ಓದಿದರೆ ಮುಜುಗರ ಪಟ್ಟುಕೊಳ್ಳುತ್ತಾನೆ.

2011ರಲ್ಲಿ ಬಯಲಿನ ಒಂದು ಊರಿನ ಪಂದ್ಯಾಟದಲ್ಲಿ ಅವನ ಆಟ ಕಂಡವರು ಕ್ರೀಡಾ ವಸತಿನಿಲಯದಲ್ಲಿ ಸೀಟು ಕೊಡುತ್ತೇವೆ ಎಂದರು. ಊಟ, ಬೂಟು, ಶಾಲೆ ಎಲ್ಲ ಅವರದೇ. ಅವನಿಗೆ ಆಗ 13 ವರ್ಷ. ತಂದೆ ನನ್ನ ಹತ್ತಿರ ಕೇಳಲು ಬಂದರು. ಓದು ಹಿಂದೆ ಬೀಳುತ್ತದೇನೋ ಎಂದು ನಾನು ಸಣ್ಣಗೆ ಅಂದೆ. ಅವರು, ‘ಅಣ್ಣಾವ್ರು ಎಷ್ಟು ಓದಿದ್ರು ಮೇಷ್ಟ್ರೇ?’ ಎಂದರು. ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಯಾವ ಮೇಷ್ಟ್ರ ಬಳಿಯೂ ಉತ್ತರವಿಲ್ಲ. ನಾಟಕ ಕಂಪನಿಗಾಗಿ ಚಿಕ್ಕಂದಿನಲ್ಲೇ ಶಾಲೆ ಬಿಟ್ಟ ಮನುಷ್ಯ ಕನ್ನಡಕ್ಕೇ ಉಚ್ಚಾರಣೆ ಕಲಿಸಿದರಲ್ಲ! ಉತ್ತರ ನನಗೆ ಹೊಳೆದದ್ದು ಬಹಳ ತಡವಾಗಿ. 1929ರಲ್ಲಿ ಹುಟ್ಟಿದ ರಾಜ್‌ಕುಮಾರ್ 2000ದ ‘ಶಬ್ದವೇಧಿ’ಯಲ್ಲೂ ನಾಯಕರಾಗಿ ನಟಿಸಿದರು. ಕಂಠ ಎಪ್ಪತ್ತು ವರ್ಷ ಬಾಳುತ್ತದೆ. ಫುಟ್‌ಬಾಲಿನವನ ಮಂಡಿ ಏನೂ ಆಗದಿದ್ದರೂ ಮೂವತ್ತೈದಕ್ಕೆ ಮುಗಿಯಿತು.

ಒಪ್ಪಿಗೆ ಪತ್ರದಲ್ಲಿ ತಂದೆಯ ಹೆಬ್ಬೆಟ್ಟಿನ ಕೆಳಗೆ ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ಮೇಲೆ ‘ಬೋಧನಾ ಮಾಧ್ಯಮ: ತಮಿಳು’ ಎಂದಿತ್ತು. ಓದಿದೆ, ಓದಿಯೂ ಸಹಿ ಹಾಕಿದೆ. ತಮಿಳು ಕಲಿಕೆಯ ಕಾಯ್ದೆ ಬಂದದ್ದು 2006ರಲ್ಲಿ. ಅದು ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿ ಮೇಲೇರಿತು. ಇವನು ಅದಕ್ಕೆ ಮೊದಲೇ ಶಾಲೆಗೆ ಸೇರಿದವನು, ತಮಿಳಿನ ಒಂದು ಅಕ್ಷರ ಬರೆದು ಗೊತ್ತಿರಲಿಲ್ಲ. ಏಳು ವರ್ಷ ಕನ್ನಡದಲ್ಲಿ ಓದಿದ ಹುಡುಗನನ್ನು ಎಂಟನೆಯ ತರಗತಿಯ ತಮಿಳು ವಿಜ್ಞಾನದ ಮುಂದೆ ಕೂರಿಸಿದರೆ ಏನಾಗುತ್ತದೆ ಎಂಬುದು ಬೇರೆ ಯಾರಿಗೂ ಗೊತ್ತಿರದಿದ್ದರೂ ನನಗೆ ಗೊತ್ತಿರಬೇಕಿತ್ತು. ನಿಮ್ಮಲ್ಲಿ 2017ರಲ್ಲಿ ಮಲಯಾಳ ಕಲಿಕೆಯ ಕಾಯ್ದೆ ಬಂದಾಗ ಇದೇ ಚಿಂತೆ ಎದ್ದದ್ದು ನಿಮಗೆ ನೆನಪಿರಬಹುದು.

ರಜೆಯಲ್ಲಿ ಊರಿಗೆ ಬಂದಾಗ ಹುಡುಗ ಸರಾಗವಾಗಿ ತಮಿಳು ಆಡುತ್ತಿದ್ದ. ನಾವೆಲ್ಲ ಹೆಮ್ಮೆಪಟ್ಟೆವು. ಅದು ಮೈದಾನದ ತಮಿಳು: ಬಿಡು, ಕೊಡು, ಎಡಕ್ಕೆ, ಹಿಂದೆ ನೋಡು. ಬೆಳಿಗ್ಗೆ ಐದೂವರೆಗೆ ಅಭ್ಯಾಸ, ಆಮೇಲೆ ತರಗತಿಯಲ್ಲಿ ನಿದ್ದೆ, ಸಂಜೆ ಮತ್ತೆ ಅಭ್ಯಾಸ. ಗೆಲ್ಲುವ ಹುಡುಗನನ್ನು ತರಗತಿಯಲ್ಲಿ ಯಾರೂ ಎಬ್ಬಿಸುವುದಿಲ್ಲ. ಇದನ್ನು ಅವನೇ ನನಗೆ ನಂತರ ಹೇಳಿದ್ದು.

2014ರ ಮಳೆಗಾಲದಲ್ಲಿ ಅದು ಆಯಿತು. ಯಾರೂ ಒದೆಯಲಿಲ್ಲ, ಯಾರೂ ತಳ್ಳಲಿಲ್ಲ. ತಲೆಯಿಂದ ಚೆಂಡು ಹೊಡೆಯಲು ನೆಗೆದು ಎಡಗಾಲ ಮೇಲೆ ಇಳಿದ, ಇಳಿದವನು ತಟ್ಟನೆ ಬಲಕ್ಕೆ ತಿರುಗಿದ. ಒಣ ಕಡ್ಡಿ ಮುರಿದಂತೆ ‘ಟಪ್’ ಎಂದ ಸದ್ದು ತನಗೆ ಮಾತ್ರ ಕೇಳಿಸಿತು ಎನ್ನುತ್ತಾನೆ. ಸಂಜೆಯ ಹೊತ್ತಿಗೆ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು.

ತೊಡೆಯ ಮೂಳೆಗೂ ಮೊಣಕಾಲಿನ ಕೆಳಗಿನ ಮೂಳೆಗೂ ನಡುವೆ, ಕೀಲಿನ ಒಳಗೆ, ಓರೆಯಾಗಿ ಕಟ್ಟಿದ ಒಂದು ಗಿಡ್ಡ ಹಗ್ಗದಂಥ ಲಿಗಮೆಂಟ್ ಇದೆ. ಬಹಳವೆಂದರೆ ಒಂದೂವರೆ ಅಂಗುಲ ಉದ್ದ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಅಡ್ಡಾದಿಡ್ಡಿ ತಿರುಗದಂತೆ ಹಿಡಿಯುವುದು ಅದರ ಕೆಲಸ. ಕೈಮೂಳೆ ಮುರಿದರೆ ಕಟ್ಟು ಹಾಕಿದಾಗ ಕೂಡಿಕೊಳ್ಳುತ್ತದೆ. ಇದು ಪೂರ್ತಿ ತುಂಡಾದರೆ ಸಾಮಾನ್ಯವಾಗಿ ಹಾಗೆ ಕೂಡಿಕೊಳ್ಳುವುದಿಲ್ಲ. ಕೀಲಿನೊಳಗಿನ ದ್ರವ ತುಂಡುಗಳ ನಡುವೆ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಮೋಸ ಇರುವುದು ಇನ್ನೊಂದು ಕಡೆ. ನೇರ ದಾರಿಯಲ್ಲಿ ನಡೆಯಲು ಈ ಲಿಗಮೆಂಟ್ ಅಷ್ಟಾಗಿ ಬೇಕಿಲ್ಲ. ಊತ ಇಳಿದ ಮೇಲೆ ನಡೆದವನಿಗೆ ವಾಸಿಯಾಯಿತು ಅನ್ನಿಸುತ್ತದೆ. ತಿರುಗಿದಾಗ ಗೊತ್ತಾಗುತ್ತದೆ.

ಇವನನ್ನು ಊರಿಗೆ ಕಳಿಸಿದರು. ನಾಟಿ ಕಟ್ಟು, ಎಣ್ಣೆ, ಸೊಪ್ಪು, ಮೂರು ವಾರ. ನಡೆದ, ವಾಸಿಯಾಯಿತು ಎಂದರು. ಎರಡು ತಿಂಗಳಿಗೆ ಮತ್ತೆ ಮೈದಾನಕ್ಕೆ ಇಳಿದ. ಮಂಡಿ ಜಾರಿತು, ಇನ್ನೊಂದು ಸಲ ಜಾರಿತು. ಹಾಗೆ ಜಾರಿದಾಗಲೆಲ್ಲ ಎರಡು ಮೂಳೆಗಳ ನಡುವಿನ ಮೆತ್ತೆ ಹರಿಯುತ್ತ ಹೋಯಿತು. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸುವ ಹೊತ್ತಿಗೆ ವರ್ಷ ಕಳೆದಿತ್ತು. ಎರಡು ಬೆಳೆಯ ಅರಿಶಿನದ ದುಡ್ಡು ಶಸ್ತ್ರಚಿಕಿತ್ಸೆಗೆ ಹೋಯಿತು. ತೊಡೆಯ ಹಿಂದಿನ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಮಾಡಿದರು. ನಡೆಯಬಹುದು, ಕೆಲಸ ಮಾಡಬಹುದು, ಸ್ಪರ್ಧೆಯ ಆಟ ಬೇಡ ಎಂದು ವೈದ್ಯರು ಹೇಳಿದರು. ಅವನಿಗೆ 17 ವರ್ಷ. ವಸತಿನಿಲಯದ ಸೀಟು ಅಷ್ಟರಲ್ಲಿ ಬೇರೊಬ್ಬನಿಗೆ ಹೋಗಿತ್ತು. ಹತ್ತನೆಯ ತರಗತಿ ಮುಗಿದಿರಲಿಲ್ಲ.

ಒಂದು ವರ್ಷ ಅವನು ಎದುರಿಗೆ ಬಂದರೆ ನಾನು ಬೇರೆ ಬೀದಿ ಹಿಡಿದಿದ್ದೇನೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಅವನು ಕೋಸಿನ ಮೂಟೆ ಹೊರಲಾರ, ಗೂಡ್ಸ್ ಗಾಡಿ ಓಡಿಸೋಣವೆಂದರೆ ಕ್ಲಚ್ ತುಳಿಯುವುದು ಎಡಗಾಲಲ್ಲಿ. 2016ರಲ್ಲಿ ಒಂದು ಸಂಜೆ ಮನೆಗೆ ಬಂದು, ‘ಸಾರ್, ಹತ್ತನೇ ಪರೀಕ್ಷೆ ಕಟ್ಟಬೇಕು’ ಎಂದ.

ಯಾವ ಭಾಷೆಯಲ್ಲಿ? ಮೊದಲ ದಿನ ಒಂದು ಪುಟ ಕನ್ನಡ ಬರೆಸಿದೆ. ಒತ್ತಕ್ಷರಗಳು ಮರೆತು ಹೋಗಿದ್ದವು. ತಮಿಳು ಬರೆಸಿದೆ. ಆಡಿದ್ದನ್ನೆಲ್ಲ ಬರೆಯಲು ಹೋಗಿ ಮೂರನೆಯ ಸಾಲಿಗೆ ನಿಲ್ಲಿಸಿದ. ಎರಡು ಭಾಷೆ ಬಲ್ಲ ಹುಡುಗನೆಂದು ನಾವು ಹೆಮ್ಮೆಪಟ್ಟಿದ್ದೆವು. ಕಾಗದದ ಮುಂದೆ ಅವನಿಗೆ ಒಂದೂ ಇರಲಿಲ್ಲ. ಕಾಲು ಹೋದರೂ ಅಕ್ಷರ ಇರುತ್ತದೆ ಎಂದು ನಾವು ಮೇಷ್ಟ್ರುಗಳು ಭಾಷಣ ಮಾಡುತ್ತೇವೆ. ಇವನ ಅಕ್ಷರ ಕಾಲಿಗಿಂತ ಮೊದಲೇ ಹೋಗಿತ್ತು, ಯಾರ ಗಮನಕ್ಕೂ ಬಂದಿರಲಿಲ್ಲ. ಮಂಡಿ ನೋಡಲು ಸ್ಕ್ಯಾನ್ ಉಂಟು, ಇದಕ್ಕೆ ಅದೂ ಇಲ್ಲ.

ಪುಸ್ತಕಗಳು ಇದ್ದದ್ದು ತಮಿಳಿನಲ್ಲಿ, ಆದ್ದರಿಂದ ತಮಿಳಿನಲ್ಲೇ ಬರೆಯುವುದೆಂದಾಯಿತು. ಕನ್ನಡ ಮೇಷ್ಟ್ರು ತಮಿಳಿನಲ್ಲಿ ಪಾಠ ಹೇಳಿದ್ದನ್ನು ಕೇಳಿ ಕೆಲವರು ನಕ್ಕರು. ಪಾಠವನ್ನು ಮೊದಲು ಕನ್ನಡದಲ್ಲಿ ಬಿಡಿಸುವುದು, ಅರ್ಥವಾದ ಮೇಲೆ ತಮಿಳಿನಲ್ಲಿ ಬರೆಯುವುದು. ಆಮ್ಲ, ಪ್ರತ್ಯಾಮ್ಲ ಎಂದರೆ ಏನೆಂದು ಅವನಿಗೆ ಆಗಲೇ ಮೊದಲ ಸಲ ತಿಳಿದದ್ದು. ನನಗೂ ಬರವಣಿಗೆಯ ತಮಿಳು ಬಂದದ್ದು ಆ ದಿನಗಳಲ್ಲಿ.

ಬೇಸರವಾದಾಗ ಆಟಗಾರರ ಕಥೆ ಹೇಳುತ್ತಿದ್ದೆ. ಉತ್ತರ ಐರ್ಲೆಂಡಿನ ನಾರ್ಮನ್ ವೈಟ್‌ಸೈಡ್ 1982ರ ವಿಶ್ವಕಪ್‌ನಲ್ಲಿ 17 ವರ್ಷ 41 ದಿನದವನಾಗಿ ಆಡಿ ಪೆಲೆಯ ದಾಖಲೆ ಮುರಿದವನು. ಮಂಡಿ ಕೈಕೊಟ್ಟು 1991ರಲ್ಲಿ, 26ನೇ ವಯಸ್ಸಿಗೇ ಆಟ ಬಿಟ್ಟ. ಆಮೇಲೆ ಪುಸ್ತಕ ಹಿಡಿದು ಸಾಲ್ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾದಚಿಕಿತ್ಸೆ ಓದಿ ಅದನ್ನೇ ವೃತ್ತಿ ಮಾಡಿಕೊಂಡ. ಇಷ್ಟು ಕೇಳಿ ನಮ್ಮವನು ಹೇಳಿದ: ‘ಅವನು ಆಡಿದ್ದೂ ಓದಿದ್ದೂ ಒಂದೇ ಭಾಷೇಲಿ ಅಲ್ವಾ ಸಾರ್?’ ನಾನು ಸುಮ್ಮನಾದೆ. ಮರುದಿನ ತಾಲಿಮೆರೆನ್ ಆವೋ ಅವರ ಹೆಸರು ಹೇಳಿದೆ. ನಾಗಾ ಬೆಟ್ಟದಿಂದ ಕಲ್ಕತ್ತೆಗೆ ಬಂದು ಕಾರ್ಮೈಕೇಲ್ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತ, ಮೋಹನ್ ಬಗಾನಿಗೆ ಆಡುತ್ತ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕನಾದವರು. ಫ್ರಾನ್ಸಿಗೆ 2–1ರಿಂದ ಸೋತ ಆ ಪಂದ್ಯದಲ್ಲಿ ನಮ್ಮವರಲ್ಲಿ ಬಹಳ ಮಂದಿ ಬರಿಗಾಲಲ್ಲಿ ಆಡಿದರು. ನಮ್ಮ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಆವೋ ಊರಿಗೆ ಮರಳಿ ವೈದ್ಯರಾಗಿ, ನಾಗಾಲ್ಯಾಂಡಿನ ಆರೋಗ್ಯ ಇಲಾಖೆಯ ನಿರ್ದೇಶಕರಾದರು. ಮನೆಮಾತು ಬೇರೆ, ಊರಮಾತು ಬೇರೆ, ಓದಿನ ಮಾತು ಬೇರೆ ಇದ್ದವರು. ‘ಇದು ಪರವಾಗಿಲ್ಲ’ ಎಂದ.

2017ರಲ್ಲಿ ಎರಡು ವಿಷಯ ಹೋದವು, ಮುಂದಿನ ಸಲ ಪಾಸಾದ. ನಾನು ಸಿಹಿ ಹಂಚಿದೆ. ಅವನು ತಿನ್ನಲಿಲ್ಲ. ಟಿ.ವಿ.ಯಲ್ಲಿ ಫುಟ್‌ಬಾಲ್ ಬಂದರೆ ಆಗಲೂ ಎದ್ದು ಹೋಗುತ್ತಿದ್ದ. ಪ್ರಮಾಣಪತ್ರ ಬಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ ನನಗೆ ನಿಮ್ಮ ಪಕ್ಕದ ಕಣ್ಣೂರಿನ ವಿ.ಪಿ. ಸತ್ಯನ್ ನೆನಪಾದರು. 1992ರಲ್ಲಿ ನಮ್ಮ ಘಟ್ಟದ ಕೆಳಗಿನ ಕೊಯಮತ್ತೂರಿನಲ್ಲೇ ಕೇರಳಕ್ಕೆ ಸಂತೋಷ್ ಟ್ರೋಫಿ ಗೆದ್ದುಕೊಟ್ಟ ನಾಯಕ, ಭಾರತದ ನಾಯಕ. ಪೊಲೀಸ್ ಇಲಾಖೆಯ ಕೆಲಸವಿತ್ತು, ಆಮೇಲೆ ಬ್ಯಾಂಕಿನ ಕೆಲಸವಿತ್ತು. 2006ರ ಜುಲೈ 18ರಂದು ಚೆನ್ನೈಯಲ್ಲಿ ರೈಲಿಗೆ ಸಿಕ್ಕಿ ತೀರಿಕೊಂಡರು, 41ನೇ ವಯಸ್ಸಿನಲ್ಲಿ. ಆಟ ಕಳೆದುಕೊಂಡವನ ದುಃಖಕ್ಕೆ ಸಂಬಳವೊಂದೇ ಮದ್ದಲ್ಲ. ಆ ಸಿಹಿಯ ಡಬ್ಬ ಹಿಡಿದು ನಿಂತಾಗ ಇದು ನನಗೆ ಗೊತ್ತಿರಲಿಲ್ಲ.

ಈಗ ಅವನು ಚಾಮರಾಜನಗರದಲ್ಲಿ ಗೊಬ್ಬರದ ಅಂಗಡಿಯೊಂದರ ಲೆಕ್ಕ ಬರೆಯುತ್ತಾನೆ, ಎರಡು ಭಾಷೆಯಲ್ಲೂ. ಭಾನುವಾರ ಅದೇ ರಾಗಿ ಹೊಲದಲ್ಲಿ ಮಕ್ಕಳನ್ನು ಸೇರಿಸುತ್ತಾನೆ. ಚೆಂಡು ಕೊಡುವ ಮೊದಲು ಇಪ್ಪತ್ತು ನಿಮಿಷ ನೆಗೆಯುವುದು, ಮಂಡಿ ಬಗ್ಗಿಸಿ ಇಳಿಯುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಫಿಫಾ ಸಂಸ್ಥೆಯವರು ‘11+’ ಎಂದು ರೂಪಿಸಿದ ಅಂಗಸಾಧನೆಯಂತೆ ಅದು. ಹುಡುಗಿಯರ ಮೇಲೆ ಇನ್ನೂ ಕಟ್ಟುನಿಟ್ಟು. ಈ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಅವರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಕಳೆದ ತಿಂಗಳು ಒಂದು ಅರ್ಜಿ ಹಿಡಿದು ಬಂದ. ಆ ಗುಂಪಿನ ಒಬ್ಬಳು ಹುಡುಗಿಗೆ ಕ್ರೀಡಾ ವಸತಿನಿಲಯದಲ್ಲಿ ಸೀಟು ಸಿಕ್ಕಿದೆ, ಸಾಕ್ಷಿಯ ಸಹಿ ಬೇಕು. ನಾನು ಕನ್ನಡಕ ಹಾಕಿಕೊಂಡು ಮೊದಲು ಮಾಧ್ಯಮದ ಕಾಲಂ ಹುಡುಕಿದೆ. ಅವನು ಪೆನ್ಸಿಲಿನಲ್ಲಿ ಅದರ ಸುತ್ತ ಆಗಲೇ ಗೆರೆ ಎಳೆದಿದ್ದ. ‘ಇವಳ ತಂದೆಯನ್ನು ಕರೆದುಕೊಂಡು ಬಾ, ಮಾತಾಡದೆ ನಾನು ಸಹಿ ಹಾಕುವುದಿಲ್ಲ’ ಎಂದೆ.

‘ಹೊರಗೆ ಜಗುಲಿ ಮೇಲೆ ಕೂರಿಸಿದ್ದೀನಿ ಸಾರ್’ ಎಂದ.