ಗಾಡಿ ಹೆಡ್ಡು, ಸಂಘದ ದುಡ್ಡು

ಹೋದ ಸಲ ಹಿತ್ಕವರೆ ಸಾರಿನ ಬಗ್ಗೆ ಬರ್ದಿದ್ದೆ. ಅದನ್ನ ಓದಿ ಕೆಳಗಿನ ಬೀದಿ ಅಕ್ಕ ಒಬ್ರು ಬಾಗಿಲಿಗೇ ಬಂದು, "ಸಾರು ಇರ್ಲಿ ಕಣಮ್ಮ, ನಿಮ್ ಗಾಡಿ ಯಾಕೆ ಹೊಂಗೆ ಮರದ ಕೆಳಗೆ ಬಾಯ್ ತಕ್ಕೊಂಡು ನಿಂತೈತೆ, ಅದನ್ನ ಬರಿ" ಅಂದ್ರು. ಕೇಳಿದ್ರಲ್ಲಿ ತಪ್ಪೇನಿಲ್ಲ. ಸಂಘದಿಂದ 30,000 ರೂಪಾಯಿ ಸಾಲ ತಗೊಂಡಿದೀನಿ, ಅದ್ರಲ್ಲಿ ನಿಮ್ಮೆಲ್ಲರ ವಾರದ ಉಳಿತಾಯ ಇದೆ. ಆ ದುಡ್ಡು ಎಲ್ಲಿಗೆ ಹೋಯ್ತು ಅಂತ ನಿಮಗೆ ಗೊತ್ತಾಗ್ಬೇಕಲ್ಲ.

ನಮ್ದು ಬೊಲೆರೊ ಪಿಕಪ್ಪು, 2018ರ ಮಾಡಲ್, ಸೆಕೆಂಡ್ಸಲ್ಲಿ ತಗೊಂಡಿದ್ದು. ನಮ್ಮನೆಯವ್ರು ಬೆಳಗಿನ ಜಾವ ಎರಡೂವರೆಗೆ ಎದ್ದು ಚಿಕ್ಕಬಳ್ಳಾಪುರಕ್ಕೆ ಹೋಗಿ, ತರಕಾರಿ ತುಂಬ್ಕೊಂಡು, ಯಲಹಂಕ, ಜಕ್ಕೂರು ಕಡೆ ಅಂಗಡಿಗಳಿಗೆ ಹಾಕ್ಬುಟ್ಟು ಒಂಬತ್ತು ಗಂಟೆಗೆಲ್ಲ ಕೋಗಿಲು ಸೇರ್ತಾರೆ. ದೀಪಾವಳಿ ಆದ್ಮೇಲೆ ಒಂದಿನ ಊಟಕ್ಕೆ ಕೂತಾಗ, "ರೇಡಿಯೇಟರ್ ಹೋಸ್ ಪೈಪು ಉಬ್ಕೊಂಡೈತೆ ಕಣೇ, ಬದಲಾಯಿಸ್ಬೇಕು, ಸಾವಿರದ ನೂರು ಆಯ್ತದೆ" ಅಂದ್ರು. ಆ ವಾರ ಚೀಟಿ ಕಟ್ಟೋದಿತ್ತು. "ಮುಂದಿನ ತಿಂಗ್ಳು ನೋಡನ ಬಿಡ್ರಿ" ಅಂದೆ. ಹಂಗಂದಿದ್ದು ನಾನೇ. ಅದನ್ನ ಮೊದ್ಲೇ ಬರ್ದು ಇಡ್ತೀನಿ, ಆಮೇಲೆ ಯಾರೂ ಅವ್ರನ್ನ ಒಬ್ಬರನ್ನೇ ಬೈಯೋದು ಬೇಡ.

ಹದಿನೈದು ದಿನಕ್ಕೆ ಪೈಪು ಹರೀತು. ಫುಲ್ ಲೋಡಲ್ಲಿ ದೇವನಹಳ್ಳಿ ದಾಟಿ ಬರ್ತಿರೋವಾಗ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯ್ತಂತೆ. ನಿಲ್ಲಿಸೋಣ ಅನ್ನೋ ಅಷ್ಟ್ರಲ್ಲಿ ತಾನಾಗೇ ಕೆಳಕ್ಕೆ ಬಂತಂತೆ. ಇವ್ರು ಸದ್ಯ ಅಂದ್ಕೊಂಡು ಚಿಕ್ಕಜಾಲದವರೆಗೂ ಓಡ್ಸವ್ರೆ. ಆಮೇಲೆ ಮೆಕ್ಯಾನಿಕ್ ಹೇಳಿದ್ದು ಏನಂದ್ರೆ, ಮುಳ್ಳು ಇಳಿದಿದ್ದು ಇಂಜಿನ್ ತಣ್ಣಗಾಗಿ ಅಲ್ಲ. ಆ ಮುಳ್ಳಿನ ಸೆನ್ಸರ್ ನೀರಲ್ಲಿ ಮುಳುಗಿದ್ರೆ ಮಾತ್ರ ಸರಿಯಾಗಿ ತೋರಿಸ್ತದೆ. ನೀರೇ ಖಾಲಿ ಆದ್ಮೇಲೆ ಅದು ಏನ್ ತೋರಿಸ್ತದೆ ಪಾಪ. ಮನೇಲಿ ಗಾಡಿ ಓಡ್ಸೋರು ಇದ್ರೆ ಇದೊಂದನ್ನ ಹೇಳಿ. ಮುಳ್ಳು ಮೇಲೆ ಹೋಗಿ ಸುಮ್ನೆ ಇಳಿದ್ರೆ ಖುಷಿ ಪಡೋದಲ್ಲ, ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡೋದು.

ಬಾನೆಟ್ಟಿಂದ ಆವಿ ಬಂದ್ಮೇಲೆ ನಿಲ್ಲಿಸವ್ರೆ. ಗಾಬ್ರೀಲಿ ಕುಡಿಯೋ ನೀರಿನ ಕ್ಯಾನು ತಂದು ಹಂಗೇ ಸುರಿದವ್ರೆ. ಕಾದ ಬಾಣಲೆಗೆ ತಣ್ಣೀರು ಹಾಕಿದ್ರೆ ಏನಾಗ್ತದೆ ನಮಗೆ ಗೊತ್ತು. ಅವ್ರಿಗೂ ಗೊತ್ತಿತ್ತು, ಆ ಹೊತ್ನಲ್ಲಿ ತೋಚಲಿಲ್ಲ. ಒಳಗಡೆ ಟಿಕ್ ಅಂತ ಸದ್ದು ಬಂತು ಅಂತ ಅವ್ರು ನನಗೆ ಹೇಳಿದ್ದು ಮೂರು ದಿನ ಆದ್ಮೇಲೆ.

ಮೆಕ್ಯಾನಿಕ್ ಅಣ್ಣ ಬಂದವ್ನು ಮೊದ್ಲು ಆಯಿಲ್ ಹಾಕೋ ಮುಚ್ಚಳ ತಿರುವಿ ನನಗೇ ತೋರ್ಸಿದ. ಒಳಗಡೆ ಹಾಲು ಹಾಕಿದ ಕಾಫಿ ಬಣ್ಣದ ಜಿಡ್ಡು ಅಂಟ್ಕೊಂಡಿತ್ತು. ನೀರು ಆಯಿಲ್ಲಿಗೆ ಸೇರ್ಕೊಂಡಿದೆ ಅಂತ ಅರ್ಥ. ಹೆಡ್ ಬಿಚ್ಚಿದ್ರು. ಹೆಡ್ ಅಂದ್ರೆ ಇಂಜಿನ್ನಿನ ಮೇಲ್ಮುಚ್ಚಳ. ಕೆಳಗೆ ಬ್ಲಾಕಲ್ಲಿ ನಾಲ್ಕು ಬೋರು, ಅದ್ರಲ್ಲಿ ಪಿಸ್ಟನ್ನು. ಮೇಲೆ ಈ ಮುಚ್ಚಳ. ಗಾಳಿ ಬರೋ ವಾಲ್ವು, ಹೊಗೆ ಹೋಗೋ ವಾಲ್ವು, ಡೀಸೆಲ್ ಚಿಮ್ಮೋ ಇಂಜೆಕ್ಟರು ಎಲ್ಲಾ ಅದ್ರಲ್ಲೇ. ನೀರು ಓಡಾಡೋ ತೂತುಗಳೂ ಅದ್ರೊಳಗೇ. ಎರಡಕ್ಕೂ ಮಧ್ಯೆ ಕುಕ್ಕರಿಗೆ ಇದ್ದಂಗೆ ಗ್ಯಾಸ್ಕೆಟ್ಟು. ನಮ್ ಹೆಡ್ಡಲ್ಲಿ ಮೂರನೇ ಬೋರಿನ ಎರಡು ವಾಲ್ವಿನ ನಡುವೆ ಕೂದಲೆಳೆ ಥರ ಬಿರುಕು.

"ಲೇತ್ ಅಂಗಡೀಲಿ ಸರ್ಫೇಸ್ ಹೊಡ್ಸಿದ್ರೆ ಆಗಲ್ವಾ?" ಅಂದೆ. ಬರೀ ಬಾಗಿದ್ರೆ ಉಜ್ಜಿ ಮಟ್ಟ ಮಾಡ್ಬೋದಂತೆ, ಬಿರುಕಿಗೆ ಅದು ಮದ್ದಲ್ಲ. ಸಾಲದ್ದಕ್ಕೆ, ನಮಗೆ ಮಾರಿದವ್ರು ಮೊದ್ಲೇ ಒಂದು ಸಲ ಉಜ್ಜಿಸಿದ್ರು, ದಪ್ಪ ಅಳೆದಾಗ ಗೊತ್ತಾಯ್ತು. ಇನ್ನೂ ಉಜ್ಜಿದ್ರೆ ವಾಲ್ವು ಪಿಸ್ಟನ್ನಿಗೆ ತೀರಾ ಹತ್ರ ಬರ್ತದೆ. ವೆಲ್ಡಿಂಗ್ ಮಾಡ್ಸಿ ಅಂದೋರೂ ಇದ್ರು. ಲೋಡ್ ಗಾಡಿಗೆ ಆ ಜಾಗದಲ್ಲಿ ವೆಲ್ಡಿಂಗ್ ನಿಲ್ಲಲ್ಲ ಅಂತ ಮೆಕ್ಯಾನಿಕ್ಕು ಕೈ ಮುಗಿದ.

ಇಲ್ಲಿಂದ ಶುರುವಾಯ್ತು ನೋಡಿ ಹುಡುಕಾಟ. ನಮ್ ಮೈದುನ ಬಾಳ ಚುರುಕು. "ಅತ್ತಿಗೆ, ಹೊಸಾದ್ಯಾಕೆ, ಗುಜರೀಲಿ ಬೊಲೆರೊ ಹೆಡ್ಡು ಬಿದ್ದೈತೆ, ಒಂಬತ್ತು ಸಾವಿರ, ಅದೂ 2523 ಸಿಸಿ, ನಮ್ದೂ 2523" ಅಂತ ಎರಡು ಸಾವಿರ ಅಡ್ವಾನ್ಸ್ ಕೊಟ್ಟು ಆಟೋದಲ್ಲಿ ಹಾಕ್ಕೊಂಡೇ ಬಂದ. ನನಗೂ ಆಸೆ ಆಯ್ತು, ಸುಳ್ಳು ಹೇಳಲ್ಲ.

ಮೆಕ್ಯಾನಿಕ್ ಅದನ್ನ ನಮ್ ಹಳೇ ಹೆಡ್ಡಿನ ಪಕ್ಕ ಮಲಗಿಸಿ, ಹಳೇ ಗ್ಯಾಸ್ಕೆಟ್ ಮೇಲಿಟ್ಟು, ಇಂಜೆಕ್ಟರ್ ಕೂರೋ ತೂತಿಗೆ ನಮ್ ಇಂಜೆಕ್ಟರ್ ಇಳಿಸಕ್ಕೆ ನೋಡ್ದ. ಕೂರ್ಲೇ ಇಲ್ಲ. ಆ ಹೆಡ್ಡು ಹಳೇ ಕಾಲದ, ಪಂಪಿನಿಂದ ಡೀಸೆಲ್ ತಳ್ಳೋ ಇಂಜಿನ್ನಿಂದು. ನಮ್ದು ಸಿಆರ್‌ಡಿಇ, ಕಂಪ್ಯೂಟರ್ ಹೇಳಿದಂಗೆ ಡೀಸೆಲ್ ಚಿಮ್ಮೋದು. ಸಿಸಿ ಎರಡಕ್ಕೂ ಒಂದೇ. ಹಾಕಿನ್ಸ್ ಐದು ಲೀಟರು, ಪ್ರೆಸ್ಟೀಜ್ ಐದು ಲೀಟರು, ಒಂದರ ಮುಚ್ಚಳ ಒಳಗಿಂದ ಕೂರ್ತದೆ, ಇನ್ನೊಂದ್ರದ್ದು ಹೊರಗಿಂದ. ಲೀಟರ್ ಹೇಳಿ ಮುಚ್ಚಳ ತಂದ್ರೆ ಹೆಂಗಾಯ್ತದೆ? ಬಿಎಸ್ 4 ದೇಶಕ್ಕೆಲ್ಲಾ ಬಂದಿದ್ದು 2017ರ ಏಪ್ರಿಲ್ಲಲ್ಲಿ, ಬಿಎಸ್ 6 ಬಂದಿದ್ದು 2020ರ ಏಪ್ರಿಲ್ಲಲ್ಲಿ. ಹೊಗೆ ಕಾನೂನು ಬದಲಾದಾಗೆಲ್ಲ ಇಂಜಿನ್ ಮೇಲಿನ ಸಾಮಾನೂ ಬದಲಾಗ್ತಾವೆ, ಗಾಡಿ ಹೆಸರು ಮಾತ್ರ ಹಂಗೇ ಇರ್ತದೆ.

ಹೆಡ್ಡು ವಾಪಸ್ ತಗೊಂಡ್ರು, ಎರಡು ಸಾವಿರ ವಾಪಸ್ ಬರ್ಲಿಲ್ಲ. ಚೀಟಿ ಬರೆಸ್ಕೊಂಡಿರ್ಲಿಲ್ಲ ಮೈದುನ. ಅವತ್ತು ಮನೇಲಿ ಯಾರೂ ಸರಿಯಾಗಿ ಉಣ್ಲಿಲ್ಲ. ನಮ್ಮನೆಯವ್ರು ತಮ್ಮನ ಮೇಲೆ ರೇಗಿದ್ರು. ಅವ್ನು "ನೀನು ತಣ್ಣೀರು ಸುರೀದಿದ್ರೆ ಇದೆಲ್ಲಾ ಇರ್ತಿತ್ತಾ" ಅಂದ. ನಾನು ಹೋಸ್ ಪೈಪಿನ ವಿಷ್ಯ ಎತ್ತಿದ್ರೆ ಇಬ್ರಿಗೂ ನಾನೇ ಸಿಕ್ತೀನಿ ಅಂತ ಪಾತ್ರೆ ತೊಳೀತಾ ನಿಂತಿದ್ದೆ. ಆಮೇಲೆ ನಮ್ಮತ್ತೆನೇ ಅಂದ್ರು, "ಪೈಪು ಹಾಕ್ಸಬೇಡ ಅಂದೋಳು ಇವ್ಳೇ ತಾನೇ?" ಅವ್ರಿಗೆ ಎಲ್ಲಾ ಕೇಳಿಸ್ತದೆ, ಕಿವಿ ಮಂದ ಅಂತ ನಾವಂದ್ಕೊಂಡಿರೋದು.

ಮಾರನೇ ದಿನ ನಾನೇ ಹೊರಟೆ, ನಮ್ಮನೆಯವ್ರ ಜೊತೆ, ಜೆ.ಸಿ. ರೋಡಿಗೆ. ಕೋಗಿಲು ಕ್ರಾಸಿಂದ ಬಸ್ಸು. ನನಗೆ ಶಕ್ತಿ ಯೋಜನೇಲಿ ಫ್ರೀ, ಅವ್ರಿಗೂ, ಗೋಣಿ ಚೀಲದಲ್ಲಿದ್ದ ಹಳೇ ಹೆಡ್ಡಿಗೂ ಟಿಕೆಟ್ಟು! ಅಷ್ಟು ಭಾರ ಯಾಕೆ ಹೊರ್ತೀಯ, ಫೋಟೋ ಸಾಕು ಅಂದಿದ್ರು. ಅಳತೆ ಬ್ಲೌಸ್ ಇಲ್ದೆ ಬರೀ ಫೋಟೋ ಕೊಟ್ಟು ಬ್ಲೌಸ್ ಹೊಲ್ಸಿದ್ದು ನೆನಪಿದ್ಯಲ್ಲ ನಿಮಗೆ, ನನ್ ನಾದಿನಿ ಮದ್ವೇಲಿ? ನಾನು ಒಪ್ಪಲಿಲ್ಲ. ಜೊತೆಗೆ ಆರ್‌ಸಿ ಜೆರಾಕ್ಸು, ಇಂಜಿನ್ ನಂಬರು, ಹೆಡ್ಡಿನ ಮೈ ಮೇಲೆ ಅಚ್ಚಾಗಿರೋ ನಂಬರು, ಹಳೇ ಗ್ಯಾಸ್ಕೆಟ್ಟು, ಒಂದು ಇಂಜೆಕ್ಟರು.

ಮೂರು ಅಂಗಡಿ ಹತ್ತಿದ್ವಿ. ಒಬ್ರು ನಂಬರ್ ನೋಡ್ದೇ "ಕೂರ್ತದೆ ಮೇಡಂ" ಅಂದ್ರು. ಅಲ್ಲಿಂದ ಎದ್ದು ಬಂದ್ವಿ. ಕೊನೆ ಅಂಗಡಿಯವ್ರು ಚಾಸಿ ನಂಬರ್ ಕೇಳಿ, ಪುಸ್ತಕದಲ್ಲಿ ಪಾರ್ಟ್ ನಂಬರ್ ತೆಗ್ದು, ಹೊಸ ಹೆಡ್ಡು ಕೌಂಟರ್ ಮೇಲಿಟ್ಟು, ನಮ್ ಗ್ಯಾಸ್ಕೆಟ್ ಹರಡಿದ್ರು. ಬೋಲ್ಟಿನ ತೂತು, ನೀರಿನ ತೂತು, ಆಯಿಲ್ ತೂತು, ಒಂದೊಂದನ್ನೂ ಬೆರಳಿಟ್ಟು ನಾನೇ ನೋಡಿದೆ. ನೀರಿನ ತೂತು ಒಂದು ಮುಚ್ಕೊಂಡ್ರೂ ಆ ಜಾಗ ಮತ್ತೆ ಕಾಯ್ತದೆ. ಇಂಜೆಕ್ಟರು ಸಲೀಸಾಗಿ ಕೂತ್ಕೊಂತು. ಕೂರದಿದ್ರೆ ವಾಪಸ್ ತಗೊಂತೀವಿ ಅಂತ ಬಿಲ್ ಮೇಲೆ ಬರೆಸ್ಕೊಂಡೆ.

ವಾಲ್ವು ಸಮೇತ ಬರೋ ಹೆಡ್ಡು ಬೇಕಾ, ಬರೀ ಹೆಡ್ಡಾ ಅಂತ ಕೇಳಿದ್ರು. ಬರೀ ಹೆಡ್ಡು 16,500, ವಾಲ್ವಿನ ಸಮೇತ ಇನ್ನೂ ಹತ್ತು ಸಾವಿರದ ಮೇಲೆ. ನಮ್ ವಾಲ್ವುಗಳು ಚೆನ್ನಾಗಿದ್ವು, ಸೀಟಿಗೆ ಕೂರ್ಸಿ ಗ್ರೈಂಡಿಂಗ್ ಮಾಡ್ಸಿದ್ರೆ ಸಾಕು ಅಂತ ಮೆಕ್ಯಾನಿಕ್ ಫೋನಲ್ಲಿ ಹೇಳ್ದ. ಬರೀ ಹೆಡ್ಡೇ ತಗೊಂಡೆ.

ಗುಜರೀದೇ ಸರಿಯಾದ್ದು ಹುಡುಕ್ಬೋದಿತ್ತಲ್ಲ ಅಂತ ಕೇಳ್ಬೋದು ನೀವು. ಹುಡುಕ್ಬೋದಿತ್ತು, ಸಿಕ್ಕಿದ್ಮೇಲೆ ಬಿರುಕು ಇದ್ಯಾ ಅಂತ ನೀರಿನ ಪ್ರೆಶರ್ ಹಾಕಿ ಟೆಸ್ಟ್ ಮಾಡ್ಸಬೇಕು, ದಪ್ಪ ಅಳೀಬೇಕು. ಅಷ್ಟ್ರಲ್ಲಿ ಇನ್ನೊಂದು ವಾರ. ಗಾಡಿ ನಿಂತ್ರೆ ದಿನಕ್ಕೆ ಸಾವಿರ ಹೋಯ್ತದೆ, ಬ್ಯಾಂಕಿನ ಕಂತು ನಿಲ್ಲಲ್ಲ. ಲೆಕ್ಕದ ಪುಸ್ತಕ ತೆಗೆದು ಎರಡನ್ನೂ ಬರ್ದು ನೋಡಿದ್ಮೇಲೇ ನಾನು ಹೊಸಾದು ಅಂದಿದ್ದು.

ಗ್ಯಾಸ್ಕೆಟ್ಟೂ ಎಲ್ಲಾ ಒಂದೇ ದಪ್ಪ ಅಲ್ಲ, ಬಾಳ ಡೀಸೆಲ್ ಇಂಜಿನ್ನಿಗೆ ಪಿಸ್ಟನ್ ಎಷ್ಟು ಮೇಲೆ ಬರ್ತದೆ ನೋಡಿ ದಪ್ಪ ಆರಿಸ್ತಾರೆ. ನಮ್ ಅಣ್ಣ ಅಳೆದೇ ಹಾಕ್ದ. ಬ್ಲಾಕಿನ ಮೇಲೂ ಉಕ್ಕಿನ ಪಟ್ಟಿ ಇಟ್ಟು ಮಟ್ಟ ನೋಡ್ದ, ಕೆಳಗೆ ಬಾಗಿದ್ರೆ ಮೇಲೆ ಹೊಸಾದು ಹಾಕಿ ಏನುಪಯೋಗ. ಹೆಡ್ ಬೋಲ್ಟು ಹೊಸಾವು, ಮಧ್ಯದಿಂದ ಶುರು ಮಾಡಿ ಅಂಚಿಗೆ ಬರ್ತಾ, ಸ್ವಲ್ಪ ಸ್ವಲ್ಪವಾಗಿ ಟಾರ್ಕ್ ರೆಂಚಲ್ಲಿ ಬಿಗಿದ. ಆರ್‌ಟಿಓದಲ್ಲಿ ಬರೆಸ್ಬೇಕಾ ಅಂತ ಚಿಕ್ಕಮ್ಮ ಕೇಳಿದ್ರು. ಬೇಡ, ಇಂಜಿನ್ ನಂಬರ್ ಇರೋದು ಬ್ಲಾಕಿನ ಮೇಲೆ, ಹೆಡ್ಡಿನ ಮೇಲಲ್ಲ.

ಹೆಡ್ಡು, ಗ್ಯಾಸ್ಕೆಟ್ ಸೆಟ್ಟು, ಬೋಲ್ಟು, ವಾಲ್ವಿನ ಕೆಲ್ಸ, ಇಂಜೆಕ್ಟರ್ ಟೆಸ್ಟು, ವಾಟರ್ ಪಂಪು, ಆಯಿಲ್ಲು, ಕೂಲೆಂಟು, ಕೂಲಿ ಎಲ್ಲಾ ಸೇರಿ 33,700. ಅದ್ರಲ್ಲಿ ಹೋಸ್ ಪೈಪೂ ಇದೆ, ಅದೇ ಪೈಪು. ಅಡ್ವಾನ್ಸಿನ ಎರಡು ಸಾವಿರ ಬೇರೆ. ಸಂಘದ್ದು ಪೂರ್ತಿ ಇದಕ್ಕೇ ಹೋಯ್ತು, ಮಿಕ್ಕಿದ್ದು ಚೀಟಿಯವ್ರ ಹತ್ರ ಗೋಗರೆದು ಮುಂಚೆ ಎತ್ತಿದ್ದು. ಬಿಲ್ಲೆಲ್ಲಾ ದೇವರ ಮನೆ ಡಬ್ಬೀಲಿದೆ, ಯಾರು ಬೇಕಾದ್ರೂ ಬಂದು ನೋಡ್ಬೋದು.

ಹದಿನಾಲ್ಕನೇ ದಿನ ರಾತ್ರಿ ಎರಡೂವರೆಗೆ ಗಾಡಿ ಸ್ಟಾರ್ಟ್ ಆಯ್ತು. ಮೈದುನಾನೂ ಕ್ಲೀನರ್ ಸೀಟಲ್ಲಿ ಕೂತು ಹೋದ, ಯಾರೂ ಕರ್ದಿರ್ಲಿಲ್ಲ. ನನಗೆ ನಿದ್ದೆ ಬರ್ಲಿಲ್ಲ. ಒಂಬತ್ತೂಕಾಲಿಗೆ ಬಂದ್ರು. ಅವ್ರು ಕೈಕಾಲು ತೊಳೆಯೋಕ್ಕೆ ಹೋದಾಗ ನಾನು ಆಯಿಲ್ ಮುಚ್ಚಳ ತಿರುವಿ ನೋಡಿದೆ. ಜಿಡ್ಡಿರ್ಲಿಲ್ಲ. ಈಗ ದಿನಾ ಬೆಳಿಗ್ಗೆ ರಂಗೋಲಿ ಹಾಕಿ ಅದೊಂದು ಕೆಲ್ಸ ಆಗ್ಬುಟ್ಟಿದೆ. ಮೊದಲ್ನೇ ಕಂತು ಗುರುವಾರದ ಮೀಟಿಂಗಿಗೆ ತರ್ತೀನಿ.