ವಾಪಸ್ ಬರುವಾಗ ಗಾಡಿಯಲ್ಲಿ ಏನಿತ್ತು?

ಲಾರಿ ಇಟ್ಟವರ ಮನೆಯಲ್ಲಿ ‘ರಿಟರ್ನ್ ಲೋಡ್’ ಅನ್ನೋದು ದಿನಾ ಕೇಳೋ ಮಾತು. ದಾವಣಗೆರೆಯ ನಮ್ಮ ಸೋದರಮಾವನದು ಒಂದೇ ಲಾರಿ. ಮೆಕ್ಕೆಜೋಳ ತುಂಬಿಕೊಂಡು ತಮಿಳುನಾಡಿನ ನಾಮಕ್ಕಲ್ ಕಡೆಯ ಕೋಳಿ ಫಾರಂಗಳಿಗೆ ಹೋಗೋದು. ಹೋಗೋವಾಗ ಬಾಡಿಗೆ ಗ್ಯಾರಂಟಿ. ಬರೋವಾಗ ಲೋಡ್ ಸಿಕ್ಕರೆ ಲಾಭ, ಸಿಗದಿದ್ರೆ ಡೀಸೆಲ್ ದುಡ್ಡು ಕೈಯಿಂದ. ಎರಡು ದಿನ ಏಜೆಂಟ್ ಆಫೀಸಿನ ಮುಂದೆ ಕಾದು ಕೊನೆಗೆ ಖಾಲಿ ಗಾಡಿ ಹೊಡ್ಕೊಂಡು ಬಂದ ದಿನ, ಮಾವನ್ನ ಮಾತಾಡಿಸೋಕೆ ಅತ್ತೆನೂ ಹೆದರೋರು.

ಆ ಖಾಲಿ ಗಾಡಿಯ ಲೆಕ್ಕ ಹಾಕಿ ನೋಡಿ. ಹೆಚ್ಚುಕಡಿಮೆ 500 ಕಿಲೋಮೀಟರ್ ದಾರಿ. ಲೀಟರಿಗೆ 5 ಕಿಲೋಮೀಟರ್ ಅಂದ್ರೂ 100 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅಂದ್ರೆ ಒಂದು ಚೀಲವನ್ನೂ ಸಾಗಿಸದೆ 270 ಕೆ.ಜಿ. ಗಾಳಿಗೆ ಹೋಯ್ತು.

ಈಗ ಲಾಜಿಸ್ಟಿಕ್ಸ್ ಕಂಪನಿಗಳ ಜಾಹೀರಾತು ನೋಡಿ. ಹಸಿರು ಬಣ್ಣದ ಎಲೆಕ್ಟ್ರಿಕ್ ಆಟೋ, ನಗುವ ಡೆಲಿವರಿ ಹುಡುಗ. ತಪ್ಪೇನಿಲ್ಲ. 2030ರೊಳಗೆ ಡೆಲಿವರಿ ಗಾಡಿಗಳನ್ನೆಲ್ಲ ಎಲೆಕ್ಟ್ರಿಕ್ ಮಾಡ್ತೀವಿ ಅಂತ ಫ್ಲಿಪ್‌ಕಾರ್ಟ್ 2020ರಲ್ಲೇ ಹೇಳಿತ್ತು. ಊರೊಳಗೆ ದಿನಕ್ಕೆ 80–100 ಕಿಲೋಮೀಟರ್ ಓಡೋ ಗಾಡಿಗೆ ಬ್ಯಾಟರಿ ಚೆನ್ನಾಗೇ ಒಗ್ಗುತ್ತೆ. ಆದರೆ ನಮ್ಮ ಮನೆ ಬಾಗಿಲಿಗೆ ಬರೋದು ಸರಕಿನ ಪಯಣದ ಕೊನೆಯ ತುಣುಕು ಮಾತ್ರ. ಅದಕ್ಕೂ ಮುಂಚೆ ಅದು ಹೆದ್ದಾರಿಯಲ್ಲಿ ರಾತ್ರಿಯಿಡೀ ಬಂದಿರುತ್ತೆ, ಬಹುಪಾಲು ಯಾರದ್ದೋ ಬಾಡಿಗೆ ಲಾರಿಯಲ್ಲಿ.

ಆ ಬಾಡಿಗೆ ಲಾರಿಯ ಹೊಗೆ ಯಾರ ಲೆಕ್ಕ? ದೇಶದ ಮೊದಲ 1000 ಲಿಸ್ಟೆಡ್ ಕಂಪನಿಗಳು 2022–23ರಿಂದ ಪರಿಸರದ ವರದಿ ಕೊಡಲೇಬೇಕು ಅಂತ ಸೆಬಿ ನಿಯಮ ತಂತು. ಆದರೆ ಸ್ವಂತ ಗಾಡಿಯ ಹೊಗೆ ‘ಸ್ಕೋಪ್ 1’, ಬಾಡಿಗೆ ಗಾಡಿಯದು ‘ಸ್ಕೋಪ್ 3’. ಮೊದಲನೆಯದು ಕಡ್ಡಾಯ, ಎರಡನೆಯದನ್ನು ಐಚ್ಛಿಕವಾಗಿಟ್ಟರು. ಹೀಗಾಗಿ ಲಾರಿಗಳನ್ನು ಮಾರಿ ಬಾಡಿಗೆಗೆ ಹಿಡಿದರೂ ಸಾಕು, ಕಾಗದದ ಮೇಲೆ ಕಂಪನಿ ಹಸಿರಾಗಿಬಿಡುತ್ತೆ. ರಸ್ತೆಯಲ್ಲಿ ಹೊಗೆ ಅಷ್ಟೇ ಇರುತ್ತೆ.

ನನಗೆ ಕಾಣೋ ಮಟ್ಟಿಗೆ ಗಂಟು ಇರೋದು ಎಂಜಿನ್‌ನಲ್ಲಲ್ಲ, ಬಾಡಿಗೆ ಕರಾರಿನಲ್ಲಿ. ಹೋಗೋ ದಾರಿಗೆ ಮಾತ್ರ ದುಡ್ಡು, ಬರೋ ದಾರಿ ಲಾರಿಯವನ ಹಣೆಬರಹ. ಖಾಲಿ ಗಾಡಿಯ ನಷ್ಟ ಕಂಪನಿಗೆ ತಟ್ಟೋದೇ ಇಲ್ಲ ಅಂದ್ಮೇಲೆ ಅದನ್ನ ತುಂಬಿಸೋ ಉಸಾಬರಿ ಅದಕ್ಯಾಕೆ? ಯಾವ ಊರಿಂದ ಯಾವ ಊರಿಗೆ ಸರಕಿದೆ ಅನ್ನೋ ಡೇಟಾ ಇರೋದು ಕಂಪನಿ ಹತ್ರ, ಅದಿಲ್ಲದೆ ಅಲೆಯೋನು ಲಾರಿ ಮಾಲೀಕ. ಎರಡೂ ದಾರಿಗೆ ಸೇರಿಸಿ ಬಾಡಿಗೆ ಕೊಡೋ ಕರಾರು ಮಾಡಿ ನೋಡಿ, ಮಾರನೇ ದಿನವೇ ಕಂಪನಿ ಪ್ರತಿಸ್ಪರ್ಧಿಯ ಸರಕನ್ನಾದ್ರೂ ಹುಡುಕಿ ತುಂಬಿಸುತ್ತೆ. ಆ ಕರಾರು ನಾಲ್ಕೈದು ವರ್ಷದ್ದಾದರೆ ಇನ್ನೂ ಒಳ್ಳೇದು. ಅದನ್ನ ತೋರಿಸಿ ಲಾರಿಯವನು ಕಡಿಮೆ ಹೊಗೆಯ ಹೊಸ ಗಾಡಿಗೆ ಸಾಲ ಕೇಳಬಹುದು.

ಇಬ್ಬರಿಗೂ ಗಿಟ್ಟೋ ಇಂಥ ವ್ಯವಹಾರ ಕನಸೇನಲ್ಲ. ಕೊಂಕಣ ರೈಲ್ವೆ 1999ರಲ್ಲೇ ರೋ-ರೋ ಸೇವೆ ಶುರುಮಾಡಿತು. ಸರಕು ತುಂಬಿದ ಲಾರಿಯನ್ನೇ ರೈಲಿನ ಚಪ್ಪಟೆ ವ್ಯಾಗನ್ ಮೇಲೆ ಹತ್ತಿಸೋದು. ಮೊದಲು ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾಗೆ ಇದ್ದದ್ದು ಆಮೇಲೆ ನಮ್ಮ ಸುರತ್ಕಲ್‌ವರೆಗೂ ಬಂತು. ಡ್ರೈವರ್, ಕ್ಲೀನರ್ ಲಾರಿ ಜೊತೆಗೇ ಬರ್ತಾರೆ. ಘಾಟಿ ಹತ್ತಿಳಿಯೋ ಡೀಸೆಲ್ ಉಳೀತು, ಟೈರ್ ಉಳೀತು, ಡ್ರೈವರ್‌ಗೆ ಒಂದು ನಿದ್ದೆ ಸಿಕ್ತು. ರೈಲ್ವೆಗೆ ದುಡ್ಡು ಬಂತು. ಯಾರೂ ಪರಿಸರದ ಹೆಸರಲ್ಲಿ ತ್ಯಾಗ ಮಾಡಬೇಕಾಗಲಿಲ್ಲ.

ಇದರಲ್ಲಿ ಗ್ರಾಹಕರ ಪಾಲೂ ಇದೆ. ‘ಇವತ್ತೇ ಬೇಕು’ ಅಂದಾಗ ಅರ್ಧ ತುಂಬಿದ ಗಾಡಿ ಹೊರಡುತ್ತೆ. ಎರಡು ದಿನ ಕಾಯೋರಿಗೆ ಹತ್ತಿಪ್ಪತ್ತು ರೂಪಾಯಿ ಬಿಟ್ಟುಕೊಟ್ಟರೆ ಎಷ್ಟೋ ಜನ ಖುಷಿಯಿಂದ ಕಾಯ್ತಾರೆ. ಎಲ್ಲ ಚಾರ್ಜರ್, ಎಲ್ಲ ಚಪ್ಪಲಿಯೂ ತುರ್ತಲ್ಲ.

ಇದನ್ನ ಓದುತ್ತಿರೋರಲ್ಲಿ ಎಷ್ಟೋ ಜನ ಇಂಥ ಕಂಪನಿಗಳ ಆ್ಯಪ್ ಬರೆಯೋರು, ರೇಟ್ ಗೊತ್ತು ಮಾಡೋರು, ಡ್ಯಾಶ್‌ಬೋರ್ಡ್ ಮಾಡೋರು. ಅದರಲ್ಲಿ ಎಷ್ಟು ಹೊತ್ತಿಗೆ ತಲುಪಿತು ಅನ್ನೋ ಕಾಲಮ್ ಇದ್ದೇ ಇರುತ್ತೆ. ಅದರ ಪಕ್ಕದಲ್ಲಿ ಇನ್ನೊಂದು ಕಾಲಮ್‌ಗೆ ಜಾಗ ಮಾಡಿ: ಖಾಲಿ ಓಡಿದ ಕಿಲೋಮೀಟರ್ ಎಷ್ಟು, ಅದರ ದುಡ್ಡು ಕೊಟ್ಟವರು ಯಾರು.