ಎಂಥಾ ಕೌದಿ ಇತ್ತು?

ಪಂಚಮಿ ಬಂತೆಂದರೆ ಅಣ್ಣಂದಿರು ತಂಗಿಯರನ್ನು ತವರಿಗೆ ಕರೆಯಲು ಬರುವುದು ನಮ್ಮ ಕಡೆಯ ವಾಡಿಕೆ. 2019ರಲ್ಲಿ ನನ್ನಣ್ಣ ಬೆಳಗಾವಿಯಿಂದ ಖಾನಾಪುರಕ್ಕೆ ಬಂದದ್ದು ಪಂಚಮಿ ಮುಗಿದ ಮೇಲೆ, ನೀರು ಇಳಿದು ರಸ್ತೆ ತೆರೆದಾಗ. ಕಟ್ಟಿಕೊಂಡು ಹೋಗಲು ನನ್ನ ಬಳಿ ಒಂದು ಗಂಟೂ ಇರಲಿಲ್ಲ.

ಮಲಪ್ರಭೆ ಹುಟ್ಟುವುದು ನಮ್ಮ ತಾಲ್ಲೂಕಿನ ಕಣಕುಂಬಿಯಲ್ಲೇ. ನಮ್ಮೂರಿನಲ್ಲಿ ಅವಳಿನ್ನೂ ಎಳೆಯ ಹುಡುಗಿ ಎಂದು ನಾವು ನಂಬಿದ್ದೆವು. ಆ ಆಗಸ್ಟಿನ ಒಂದು ರಾತ್ರಿ ಹಿತ್ತಲು ದಾಟಿ ಅಡುಗೆಮನೆಗೇ ಬಂದಳು. ಓಣಿಯ ಹುಡುಗರು ಅತ್ತೆಯವರನ್ನು ಹೊರಸಿನ ಮೇಲೆ ಹೊತ್ತು ಎತ್ತರದ ಜಾಗಕ್ಕೆ ಸಾಗಿಸಿದರು. ನೀರು ಇಳಿದಾಗ ಮನೆತುಂಬ ಮೊಣಕಾಲುದ್ದ ಕೆಸರು. ಗಡಿಗೆ, ಹಂಚುಗಳಿಗೆ ಹೆಸರಾದ ನಮ್ಮೂರ ಮಣ್ಣೇ ಅದು. ಅದರೊಳಗೆ ಅವ್ವನ ಕೌದಿಯೂ ಇತ್ತು. ಮೂರು ಸಲ ಒಗೆದರೂ ನಾತ ಹೋಗಲಿಲ್ಲ. ಕೊಳೆತ ಅರಿವೆಗಳ ರಾಶಿಗೆ ಅದನ್ನೂ ಹಾಕಿಬಿಟ್ಟೆ.

"ಜೀವ ಉಳೀತಲ್ಲ, ಅದ ದೊಡ್ಡದು" ಎಂದರು ಬಂದವರೆಲ್ಲ. ನಿಜವೇ. ಅದೇ ಹೊಳೆ ಕೆಳಗೆ ರಾಮದುರ್ಗದ ಕಡೆ ಎಷ್ಟು ಮನೆಗಳನ್ನು ನುಂಗಿತ್ತು! ಅವರ ಮುಂದೆ ನನ್ನದೊಂದು ದುಃಖವೇ? ಟಿಳಕವಾಡಿಯ ಅಣ್ಣನ ಮನೆಯಲ್ಲಿ ವೈನಿ ನಮಗೆ ಒಂದು ಕೋಣೆ ಬಿಟ್ಟುಕೊಟ್ಟರು. ತಮ್ಮ ಸೀರೆಗಳನ್ನು ಕೊಟ್ಟರು, ಅತ್ತೆಯವರಿಗೆ ಮೆತ್ತಗಿನ ಅನ್ನ ಬೇರೆ ಮಾಡಿ ಬಡಿಸಿದರು. ಅಂಥ ಮನೆಯಲ್ಲಿ ಕೂತು ಹಳೆಯ ಕೌದಿಗೆ ಅಳುವುದೇ? ಹಗಲೆಲ್ಲ ನಗುನಗುತ್ತ ಇದ್ದೆ. ರಾತ್ರಿ ಮಳೆಯ ಸದ್ದು ಕೇಳಿದರೆ ಎದ್ದು ಕೂತು, ಕಾಲು ಕೆಳಗಿಟ್ಟು ನೆಲ ಒಣಗಿದೆಯೇ ಎಂದು ನೋಡುತ್ತಿದ್ದೆ.

ಒಂದು ರಾತ್ರಿ ಅಡುಗೆಮನೆಯಲ್ಲಿ ಸೆರಗು ಬಾಯಿಗೊತ್ತಿ ಅಳುತ್ತಿದ್ದಾಗ ವೈನಿ ಬಂದರು. ಅವರ ಮುಖ ಸಣ್ಣದಾಯಿತು.

"ನಮ್ಮಿಂದ ಏನರ ಕೊರತಿ ಆತೇನವಾ?"

"ಇಲ್ರಿ ವೈನಿ, ನಿಮ್ಮ ಋಣಾ ಹೆಂಗ ತೀರಸಲಿ? ಅವ್ವನ ಕೌದಿ ನೆನಪಾತು" ಎಂದೆ.

ವೈನಿ "ಹೋಗ್ಲಿ ಬಿಡು" ಎನ್ನಲಿಲ್ಲ. ನೆಲದ ಮೇಲೆ ಪಕ್ಕದಲ್ಲಿ ಕೂತು ಕೇಳಿದರು: "ಎಂಥಾ ಕೌದಿ ಇತ್ತು?"

ಅಷ್ಟು ದಿನದಲ್ಲಿ ಯಾರೂ ಕೇಳದ ಮಾತು. ಹೇಳಿದೆ. ನಡುವೆ ಅವ್ವನ ಇಳಕಲ್ ಸೀರೆ, ಸುತ್ತ ಅಪ್ಪನ ಧೋತರ, ಮೂಲೆಯಲ್ಲಿ ನನ್ನ ಬಾಲವಾಡಿಯ ಹಳದಿ ಫ್ರಾಕು. ಹೇಳುತ್ತ ಹೇಳುತ್ತ ಬಿಕ್ಕಿದೆ. ಅಂದು ಮೊದಲ ಸಲ ಬೆಳಗಿನವರೆಗೆ ನಿದ್ದೆ ಬಂತು.

ಉಪಕಾರ ಮಾಡಿದವರ ಮುಂದೆ ಅತ್ತರೆ ಉಪಕಾರ ಮರೆತಂತೆ ಎಂದು ನಾನು ತಿಳಿದಿದ್ದೆ. ಆದರೆ ಅಳು ಮುಚ್ಚಿಟ್ಟದ್ದರಿಂದಲೇ ವೈನಿ ನೊಂದುಕೊಂಡದ್ದು. ಉಳಿದ ಜೀವಕ್ಕೆ ಕೈಮುಗಿಯುವವಳೂ ನಾನೇ, ಹೋದ ಕೌದಿಗೆ ಅಳುವವಳೂ ನಾನೇ. ಇಬ್ಬರಿಗೂ ಒಂದೇ ಮನೆಯಲ್ಲಿ ಜಾಗವಿದೆ.

ಈಗ ಮತ್ತೆ ಖಾನಾಪುರದಲ್ಲೇ ಇದ್ದೇವೆ. ಪ್ರತಿ ದಸರೆಗೆ ಆ ಹುಡುಗರು ಬನ್ನಿ ಕೊಡಲು ಬಂದಾಗ ಹೋಳಿಗೆ ಬಡಿಸುತ್ತೇನೆ. ಮಳೆ ಜೋರಾದರೆ ಈಗಲೂ ಎದ್ದು ನೆಲ ಮುಟ್ಟಿ ನೋಡುತ್ತೇನೆ. ನಿಮ್ಮ ಓಣಿಯಲ್ಲೂ ಏನೋ ಕಳೆದುಕೊಂಡು ಉಳಿದು ಬಂದವಳೊಬ್ಬಳು ಇರಬಹುದು. "ಜೀವ ಉಳೀತಲ್ಲ" ಎನ್ನುವ ಮೊದಲು, ಹೋದದ್ದು ಎಂಥದ್ದಿತ್ತು ಎಂದು ಕೇಳಿರಿ.